ಗಾಲಿಯ ಮೇಲಿನ ಮನೆಗೂ ಊರು ಬೇಕು

ಹಾಯಿದೋಣಿ ಇಟ್ಟುಕೊಂಡವರು ಒಂದು ಋತುವಿನ ಮಟ್ಟಿಗೆ ಅದನ್ನು ದಡಕ್ಕೆ ಕಟ್ಟಿ, ಕ್ಯಾಂಪರ್ ವ್ಯಾನ್ ಹತ್ತಿ ಕರಾವಳಿ ಸುತ್ತುವುದು ಯುರೋಪಿನಲ್ಲಿ ಉಂಟು. ನಮ್ಮ ಕಡೆ ವಿಹಾರಕ್ಕೆಂದು ಹಾಯಿದೋಣಿ ಇಟ್ಟವರು ಅಪರೂಪ, ಆದರೆ ವ್ಯಾನ್ ಬಂದುಬಿಟ್ಟಿದೆ. 2021ರಲ್ಲಿ ಕೇರಳ ‘ಕೇರವಾನ್’ ಯೋಜನೆ ಪ್ರಕಟಿಸಿತು. ಕರ್ನಾಟಕದ ಪ್ರವಾಸೋದ್ಯಮವೂ ಈ ಬಗೆಯ ಪಯಣಕ್ಕೆ ಒತ್ತಾಸೆ ಕೊಡುತ್ತಿದೆ. ಹಾಸಿಗೆ, ಒಲೆ, ಶೌಚಾಲಯ ಎಲ್ಲವನ್ನೂ ಹೊತ್ತ ವಾಹನ ಕಾರವಾರದಿಂದ ಹೆದ್ದಾರಿ 66 ಹಿಡಿದು ಮಂಗಳೂರಿಗೆ ಬಂದು, ಬಂಟ್ವಾಳ, ಬೆಳ್ತಂಗಡಿ, ಉಜಿರೆ ದಾಟಿ ಧರ್ಮಸ್ಥಳ ಸೇರುತ್ತದೆ. ಈ ಪಯಣದ ಗುಣದೋಷಗಳನ್ನು ಈಗಲೇ ತೂಗಿ ನೋಡಬೇಕು.

ಮೊದಲು ಗುಣ. ನಮ್ಮ ಕಡಲು ವರ್ಷಪೂರ್ತಿ ತೆರೆದಿರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. ನೀರಿನ ದಾರಿ ಮುಚ್ಚಿದಾಗ ನೆಲದ ದಾರಿಯಲ್ಲಿ ಕರಾವಳಿಯನ್ನು ನೋಡುವುದು ಒಳ್ಳೆಯದೇ. ಮಂಡಿನೋವಿನ ಅಜ್ಜಿ, ಹಸುಗೂಸಿನ ತಾಯಿ, ದಾರಿಯಲ್ಲಿ ಶೌಚಾಲಯ ಸಿಗದೆಂದು ನೀರನ್ನೇ ಕುಡಿಯದೆ ಕೂರುವ ಹೆಂಗಸರು: ಇವರಿಗೆಲ್ಲ ಇಂಥ ವಾಹನ ದೊಡ್ಡ ಉಪಕಾರ. ಇದನ್ನು ಬರೀ ಹಣವಂತರ ಶೋಕಿ ಎಂದು ತಳ್ಳಿಹಾಕಿದರೆ ತಪ್ಪಾದೀತು.

ದೋಷ ಕಾಣುವುದು ಸೇತುವೆಗಳ ಮೇಲೆ. ದೋಣಿಯವರಿಗೆ ನಮ್ಮ ಕರಾವಳಿ ಎಂದರೆ ಅಳಿವೆಗಳ ಸಾಲು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಎಲ್ಲವೂ ಬಾಗಿಲುಗಳು. ಎಲ್ಲಿ ಹೂಳು, ಎಲ್ಲಿ ಆಳ, ಉಬ್ಬರ ಯಾವಾಗ ಎಂದು ತಿಳಿಯದೆ ಒಳಗೆ ಹೋಗುವಂತಿಲ್ಲ. ವ್ಯಾನಿನಲ್ಲಿ ಕೂತವರಿಗೆ ಅದೇ ಅಳಿವೆ ನಿಮಿಷದ ನೋಟ. ಮರವಂತೆಯನ್ನೇ ನೋಡಿ. ರಸ್ತೆಯ ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕೆ. ಎಲ್ಲರೂ ಇಳಿದು ಫೋಟೊ ತೆಗೆಯುತ್ತಾರೆ. ಒಂದು ರಸ್ತೆಯಷ್ಟೇ ದೂರದಲ್ಲಿರುವ ಕಡಲನ್ನು ನದಿ ಅಲ್ಲಿ ಸೇರುವುದಿಲ್ಲ. ದಕ್ಷಿಣಕ್ಕೆ ಹರಿದು, ಗಂಗೊಳ್ಳಿಯಲ್ಲಿ ಬೇರೆ ಹೊಳೆಗಳ ಜೊತೆಗೂಡಿ ಸೇರುತ್ತದೆ. ಆ ಅಳಿವೆಯ ಅಲೆಗಳಲ್ಲಿ ದೋಣಿ ಮಗುಚಿ ಮೀನುಗಾರರು ಪ್ರಾಣ ಕಳೆದುಕೊಂಡದ್ದಿದೆ. ಫೋಟೊ ತೆಗೆದವರು ಗಂಗೊಳ್ಳಿಗೂ ಹೋಗಿ ಬಂದರಿನ ಕಟ್ಟೆಯ ಮೇಲೆ ಒಂದು ಸಂಜೆ ಕೂತರೆ ಕರಾವಳಿಯ ಅರ್ಧ ಕಥೆ ತಿಳಿಯುತ್ತದೆ. ಆದರೆ ‘ನಾಲ್ಕು ದಿನದಲ್ಲಿ ಇಡೀ ಕರಾವಳಿ’ ಎಂಬ ಪ್ಯಾಕೇಜಿನಲ್ಲಿ ಅಂಥ ಸಂಜೆಗೆ ಜಾಗವಿಲ್ಲ.

ಎರಡನೆಯ ದೋಷ ಇನ್ನೂ ಆಳದ್ದು. ನಡುಗಡಲಲ್ಲಿ ದೋಣಿಗೆ ಅಡುಗೆಮನೆ ಬೇಕು, ಅಲ್ಲಿ ಊಟ ಕೊಡುವವರಿಲ್ಲ. ತುಳುನಾಡಿನ ರಸ್ತೆಗೆ ಆ ಮಾತು ಸಲ್ಲದು. ಇಲ್ಲಿ ಸಂಚಾರಕ್ಕೆ ತನ್ನದೇ ಪರಂಪರೆಯಿದೆ. ಧರ್ಮಸ್ಥಳದ ಯಕ್ಷಗಾನ ಮೇಳವನ್ನೇ ನೋಡಿ. ಮಳೆ ಮುಗಿದ ಮೇಲೆ ಹೊರಟು ಮತ್ತೆ ಮಳೆ ಬರುವ ಮುನ್ನ, ಪತ್ತನಾಜೆಯ ದಿನಕ್ಕೆ ತಿರುಗಾಟ ಮುಗಿಸುವ ಮೇಳ ಋತುವಿಡೀ ಊರೂರು ಸುತ್ತುತ್ತದೆ. ವೇಷಭೂಷಣದ ಪೆಟ್ಟಿಗೆ, ಕಿರೀಟ, ಚೆಂಡೆ, ಪೂಜೆಯ ದೇವರು ಎಲ್ಲವೂ ಅದರ ಜೊತೆಯಲ್ಲೇ ಸಾಗುತ್ತವೆ. ಅಷ್ಟೆಲ್ಲ ಹೊತ್ತರೂ ಊಟಕ್ಕೆ, ವಿಶ್ರಾಂತಿಗೆ ಅದು ಹರಕೆ ಹೊತ್ತ ಮನೆಯವರನ್ನೇ ನೆಚ್ಚಿದೆ. ವೇಷ ಕಟ್ಟುವ ಚೌಕಿಗೆ ಜಾಗ ಕೊಡುವವರು, ಬಡಿಸುವವರು, ಆಟ ನೋಡಲು ಬರುವವರು ಇಲ್ಲದಿದ್ದರೆ ತಿರುಗಾಟವೇ ಇಲ್ಲ. ನಮ್ಮಲ್ಲಿ ಸಂಚಾರವೆಂದರೆ ಊರಿಗೆ ಏನಾದರೂ ಕೊಟ್ಟು ಊರಿನಿಂದ ಏನಾದರೂ ಪಡೆಯುವುದು. ಬಾಗಿಲು ಎಳೆದು ಒಳಗೇ ಅಡುಗೆ ಮಾಡಿ, ಒಳಗೇ ಮಲಗಿ, ಬೆಳಗಾದರೆ ಹೊರಟುಬಿಡುವ ವ್ಯಾನ್ ಈ ಕೊಡುಕೊಳೆಯನ್ನೇ ಕಡಿದುಹಾಕುತ್ತದೆ.

ಧರ್ಮಸ್ಥಳದಲ್ಲಿ ಇದು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಬಂದವರಿಗೆಲ್ಲ ಅನ್ನ ಬಡಿಸುವ ಅನ್ನಪೂರ್ಣ ಛತ್ರ ಇರುವ ಊರು ಇದು. ಸಾಲಿನಲ್ಲಿ ನಿಂತು, ಗುರುತಿಲ್ಲದವರ ಪಕ್ಕ ಕೂತು ಸಾರು-ಅನ್ನ ಉಣ್ಣುವುದು ಇಲ್ಲಿಯ ಯಾತ್ರೆಯ ಭಾಗ. ಪಾರ್ಕಿಂಗ್ ಜಾಗದಲ್ಲೇ ನೂಡಲ್ಸ್ ಬೇಯಿಸಿಕೊಂಡವರು ದರ್ಶನ ಪಡೆದಿರಬಹುದು, ಆ ಪಂಕ್ತಿಯನ್ನು ಮಾತ್ರ ಕಳೆದುಕೊಂಡರು.

ಇನ್ನೊಂದು ಮಾತು, ಕೊಳಕು ನೀರಿನದು. ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು ವ್ಯಾನಿನ ಕೆಳಗಿನ ತೊಟ್ಟಿಯಲ್ಲಿ ತುಂಬಿರುತ್ತದೆ. ರಾತ್ರಿ ಯಾರೂ ಕಾಣದ ಕಡೆ ನಲ್ಲಿ ತಿರುಗಿಸುವುದು ಸುಲಭ. ಧರ್ಮಸ್ಥಳದಲ್ಲಿ ಆ ನೀರು ಚರಂಡಿ, ತೋಡು ಹಿಡಿದು ಸೇರುವುದು ನೇತ್ರಾವತಿಯನ್ನು. ಅದೇ ನದಿಗೆ ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ಅಣೆಕಟ್ಟು ಕಟ್ಟಿ ಮಂಗಳೂರಿಗೆ ಕುಡಿಯುವ ನೀರು ಕೊಡುತ್ತಾರೆ. ಭಕ್ತರು ಮೀಯುವ, ಕೆಳಗಿನ ನಗರ ಕುಡಿಯುವ ನದಿ ಇದು. ವ್ಯಾನುಗಳಿಗೆ ಪ್ರಚಾರ ಕೊಡುವ ಮೊದಲು ತೊಟ್ಟಿ ಖಾಲಿ ಮಾಡಲು ವ್ಯವಸ್ಥಿತ ತಾಣಗಳು ಆಗಬೇಕು. ಅವು ಆಗುವತನಕ ಈ ಪ್ರವಾಸವನ್ನು ಪರಿಸರಸ್ನೇಹಿ ಎಂದು ಕರೆಯಬಾರದು.

ಹಾಗಾದರೆ ಈ ಪದ್ಧತಿ ಬೇಡವೇ? ಬೇಕು, ಆದರೆ ಅದರ ನಡೆ ಬದಲಾಗಬೇಕು. ಇಡೀ ಕರಾವಳಿಯನ್ನು ಒಂದೇ ಉಸಿರಿಗೆ ಓಡುವ ಬದಲು ಒಂದು ನದಿಯನ್ನು ಹಿಡಿಯಲಿ. ಉಳ್ಳಾಲದ ಅಳಿವೆಯಿಂದ ಹೊರಟು ಬಂಟ್ವಾಳ, ಕುಮಾರಧಾರೆ ಕೂಡುವ ಉಪ್ಪಿನಂಗಡಿ, ಧರ್ಮಸ್ಥಳ ಎಂದು ನೇತ್ರಾವತಿಯ ಜೊತೆಗೇ ಮೇಲೇರಲಿ. ಹಿಂತಿರುಗುವಾಗ ವೇಣೂರು, ಮೂಡಬಿದಿರೆಯ ಬಸದಿಗಳ ದಾರಿ ಹಿಡಿಯಲಿ. ಒಳಗಿನ ಒಲೆ ಮಗುವಿನ ಹಾಲಿಗೆ, ಕಾಯಿಲೆಯವರ ಗಂಜಿಗೆ ಇರಲಿ, ಉಳಿದವರು ಊರಿನ ಹೋಟೆಲಿನಲ್ಲಿ, ಛತ್ರದ ಪಂಕ್ತಿಯಲ್ಲಿ ಉಣ್ಣಲಿ. ಮಲಗಲು ತನ್ನದೇ ಜಾಗವಿದ್ದು, ಉಣ್ಣಲು ಊರನ್ನು ನೆಚ್ಚುವ ಪಯಣವನ್ನು ನಾನು ಮನಸಾರೆ ಒಪ್ಪುತ್ತೇನೆ. ಊರೇ ಬೇಡವೆನ್ನುವಷ್ಟು ಸಕಲವನ್ನೂ ಹೊತ್ತು ಬರುವ ವ್ಯಾನಿಗೆ ಕರಾವಳಿಯನ್ನು ನೋಡಿದೆ ಎಂದು ಹೇಳುವ ಹಕ್ಕಿಲ್ಲ.