ಡಾಂಟೆ ಯಾವ ನುಡಿಯ ಅಪ್ಪ?

ಇಟಲಿಯ ಸಾಹಿತ್ಯದ ಮಾತು ಬಂದಾಗಲೆಲ್ಲ ನಮ್ಮ ಲೇಖನಗಳಲ್ಲಿ, ಭಾಷಣಗಳಲ್ಲಿ ಒಂದು ವಾಕ್ಯ ತಪ್ಪದೆ ಹಾಜರಾಗುತ್ತದೆ. ಡಾಂಟೆ ಪಂಡಿತರ ಲ್ಯಾಟಿನ್ ಬಿಟ್ಟು ಜನರ ಆಡುನುಡಿಯಲ್ಲಿ ಬರೆದ, ಆ ಆಡುನುಡಿಯೇ ಇಂದಿನ ಇಟಾಲಿಯನ್ ಆಯಿತು, ಹಾಗಾಗಿ ಅವನು ಆ ಭಾಷೆಯ ಜನಕ. ಇದಕ್ಕೆ ಎರಡು ಆಧಾರಗಳನ್ನೂ ಜೋಡಿಸುತ್ತಾರೆ. ಒಂದು ನಮ್ಮ ಕಡೆಯದು: ಶರಣರು ಸಂಸ್ಕೃತವನ್ನು ಬದಿಗಿಟ್ಟು ಕನ್ನಡ ಹಿಡಿದ ಹಾಗೆ ಎಂಬ ಹೋಲಿಕೆ. ಇನ್ನೊಂದು ಇಟಲಿಯವರು ಎದೆಯುಬ್ಬಿಸಿ ಹೇಳುವುದು: ಏಳುನೂರು ವರ್ಷ ಕಳೆದರೂ ನಮ್ಮ ಶಾಲೆಯ ಮಕ್ಕಳು ಡಾಂಟೆಯನ್ನು ಮೂಲದಲ್ಲೇ ಓದುತ್ತಾರೆ, ಇಂಗ್ಲಿಷಿನವರು ಚಾಸರನ ಮುಂದೆ ತಿಣುಕುವ ಹಾಗೆ ತಿಣುಕಬೇಕಾಗಿಲ್ಲ.

ಈ ಎರಡನೆಯ ಮಾತು ಬಹುಮಟ್ಟಿಗೆ ನಿಜ. ತೊಂದರೆ ಏನೆಂದರೆ, ಅದು ಹೇಳುವವರ ವಾದವನ್ನೇ ಕೆಡವುತ್ತದೆ. ಜನರ ಬಾಯಲ್ಲಿ ದಿನಬೆಳಗಾದರೆ ಹೊರಳುವ ನುಡಿ ಏಳುನೂರು ವರ್ಷ ನಿಂತಲ್ಲೇ ನಿಲ್ಲುವುದಿಲ್ಲ. ಪಂಪನಿಂದ ಹರಿಹರನವರೆಗಿನ ಎರಡು-ಮೂರು ಶತಮಾನಗಳಲ್ಲಿ ಕನ್ನಡ ಎಷ್ಟು ದೂರ ನಡೆಯಿತು ಎಂಬುದು ಗೊತ್ತಿರುವ ನಮಗಾದರೂ ಈ ಅನುಮಾನ ಬರಬೇಕಿತ್ತು. ಇಟಾಲಿಯನ್ ಬದಲಾಗಲಿಲ್ಲ, ಏಕೆಂದರೆ ಅದನ್ನು ಆಡುವವರೇ ಹೆಚ್ಚು ಇರಲಿಲ್ಲ. ಟಸ್ಕನಿಯ ಹೊರಗೆ ಅದು ಪುಸ್ತಕದೊಳಗೆ ಉಳಿಯಿತು, ಉಳಿದದ್ದರಿಂದಲೇ ಕೆಡಲಿಲ್ಲ.

ಡಾಂಟೆ ಸ್ವತಃ ಏನು ಹೇಳಿದ್ದ ಎಂಬುದನ್ನು ನೋಡಿದರೆ 'ಜನರ ನುಡಿ' ಎಂಬ ಮಾತು ಇನ್ನಷ್ಟು ಸಡಿಲವಾಗುತ್ತದೆ. 1302ರಲ್ಲಿ ಫ್ಲಾರೆನ್ಸ್ ಅವನನ್ನು ಗಡೀಪಾರು ಮಾಡಿತು. ಅದಾದ ಕೆಲವೇ ವರ್ಷಗಳಲ್ಲಿ ಅವನು ದೇಶನುಡಿಯ ಪರವಾಗಿ 'ದೆ ವುಲ್ಗಾರಿ ಎಲೊಕ್ವೆನ್ಷಿಯ' ಎಂಬ ಗ್ರಂಥಕ್ಕೆ ಕೈಹಾಕಿದ, ಮುಗಿಸಲಿಲ್ಲ. ಬರೆದದ್ದು ಲ್ಯಾಟಿನ್ನಿನಲ್ಲಿ. ಅದರಲ್ಲಿ ಇಟಲಿಯ ಹದಿನಾಲ್ಕು ನುಡಿಗಳನ್ನು ಒಂದೊಂದಾಗಿ ಎದುರಿಗೆ ನಿಲ್ಲಿಸಿಕೊಂಡು, ಒಂದೊಂದನ್ನೂ ತಳ್ಳಿಹಾಕುತ್ತಾನೆ. ರೋಮಿನವರದು ಎಲ್ಲಕ್ಕಿಂತ ವಿಕಾರ. ಸಾರ್ಡಿನಿಯದವರು ಮಂಗಗಳು ಮನುಷ್ಯರನ್ನು ಅನುಕರಿಸುವ ಹಾಗೆ ಲ್ಯಾಟಿನ್ನನ್ನು ಅನುಕರಿಸುತ್ತಾರೆ. ತನ್ನದೇ ಟಸ್ಕನಿಯವರಿಗಂತೂ ತಮ್ಮ ನುಡಿಯೇ ದೊಡ್ಡದೆಂಬ ಹುಚ್ಚು. ಅವನಿಗೆ ಬೇಕಾದ 'ಶ್ರೇಷ್ಠ' ನುಡಿ ಎಲ್ಲ ಊರಲ್ಲೂ ವಾಸನೆ ಬಿಟ್ಟು ಯಾವ ಊರಲ್ಲೂ ಕಣ್ಣಿಗೆ ಬೀಳದ ಚಿರತೆಯಂಥದು. ಇದು ಬೀದಿಯ ಪರವಾಗಿ ನಿಂತವನ ಮಾತಲ್ಲ. ಕಾದಂಬರಿಕಾರ ಮಾಂಜೋನಿ 1868ರಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿದ್ದ: ಈ ಪುಸ್ತಕ ಇಟಾಲಿಯನ್ ಭಾಷೆಯ ಬಗ್ಗೆ ಇರುವುದೇ ಅಲ್ಲ, ಇರುವುದು ಕಾವ್ಯದ ಒಂದು ಶೈಲಿಯ ಬಗ್ಗೆ.

ಹೋಲಿಸಲೇಬೇಕೆಂದರೆ ಶರಣರಿಗಿಂತ 'ಕವಿರಾಜಮಾರ್ಗ' ಹತ್ತಿರ. ಅದೂ ದೇಶನುಡಿಯ ಕಾವ್ಯ ಹೇಗಿರಬೇಕೆಂದು ಚಿಂತಿಸಿದ ಗ್ರಂಥ, ಅದಕ್ಕೂ ಕನ್ನಡದೊಳಗಿನ ಕನ್ನಡಗಳು ಲೆಕ್ಕಕ್ಕೆ ಸಿಗದಷ್ಟಿವೆ ಎಂಬುದು ಗೊತ್ತು. ಆದರೆ ಅದು ಡಾಂಟೆಗಿಂತ ನಾಲ್ಕೂವರೆ ಶತಮಾನ ಮೊದಲೇ ಅದನ್ನು ಕನ್ನಡದಲ್ಲೇ ಹೇಳಿತು, ಮತ್ತು ತಿರುಳ್ಗನ್ನಡ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿತು: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದದ ನಡುವೆ. ಡಾಂಟೆಯ ನಕ್ಷೆಯಲ್ಲಿ ಅಂಥ ನಾಲ್ಕು ಊರುಗಳಿಲ್ಲ.

ಹಾಗಿದ್ದರೆ ಇಂದಿನ ಇಟಾಲಿಯನ್ ಬರಹಕ್ಕೆ ಅಡಿಪಾಯ ಹಾಕಿದವರು ಯಾರು? ನೇರ ಉತ್ತರ ಪಿಯೆತ್ರೊ ಬೆಂಬೊ, ಒಬ್ಬ ವೆನಿಸಿನವನು. 1525ರಲ್ಲಿ ಅಚ್ಚಾದ ಅವನ 'ಪ್ರೋಸೆ ದೆಲ್ಲ ವೊಲ್ಗಾರ್ ಲಿಂಗ್ವ' ಹೇಳಿದ್ದು ಇಷ್ಟು: ಪದ್ಯಕ್ಕೆ ಪೆಟ್ರಾರ್ಕ, ಗದ್ಯಕ್ಕೆ ಬೊಕಾಚೊ. ಇಬ್ಬರೂ ಹೆಚ್ಚುಕಡಿಮೆ ಎರಡು ಶತಮಾನ ಹಿಂದಿನವರು. ಈಗ ಫ್ಲಾರೆನ್ಸಿನಲ್ಲಿ ಹುಟ್ಟಿ ಬೆಳೆದವನಿಗೆ ಒಳ್ಳೆಯ ಫ್ಲಾರೆಂಟೈನ್ ಬರೆಯುವುದರಲ್ಲಿ ಅದರಿಂದ ಅನುಕೂಲಕ್ಕಿಂತ ತೊಡಕೇ ಹೆಚ್ಚು ಎಂಬರ್ಥದ ಮಾತನ್ನೂ ಆಡುತ್ತಾನೆ. ಸತ್ತವರ ನುಡಿಯನ್ನು ಪುಸ್ತಕದಿಂದ ಕಲಿತವನೇ ಸರಿಯಾಗಿ ಬರೆಯಬಲ್ಲ! ಡಾಂಟೆಗೆ ಬೆಂಬೊ ಕೊಟ್ಟ ಜಾಗ ಗೌರವದ್ದಲ್ಲ. ಅವನ ಕಾವ್ಯ ವಿಶಾಲವಾದ ಗೋಧಿ ಹೊಲವೇನೋ ಹೌದು, ಆದರೆ ತುಂಬ ಕಳೆ. ಹೇಳಬಾರದ್ದನ್ನೆಲ್ಲ ಹೇಳಲು ಹೋಗಿ ಒರಟು ಮಾತು, ಕೊಳಕು ಮಾತು ಎಲ್ಲವನ್ನೂ ಒಳಗೆ ಬಿಟ್ಟುಕೊಂಡ ಎಂಬುದು ದೂರು. ಗೆದ್ದದ್ದು ಬೆಂಬೊ. 1583ರಲ್ಲಿ ಹುಟ್ಟಿ, 1612ರಲ್ಲಿ ದೊಡ್ಡ ನಿಘಂಟು ತಂದ ಫ್ಲಾರೆನ್ಸಿನ ಕ್ರುಸ್ಕ ಅಕಾಡೆಮಿ ತನ್ನ ಹೆಸರನ್ನೇ ತೌಡಿನಿಂದ ತೆಗೆದುಕೊಂಡಿತು. ಹಿಟ್ಟಿನಿಂದ ತೌಡನ್ನು ಜರಡಿ ಹಿಡಿದು ಬೇರೆ ಮಾಡುವುದೇ ತನ್ನ ಕೆಲಸವೆಂದಿತು. ಅದು ಡಾಂಟೆಯನ್ನು ಬಿಟ್ಟುಕೊಡಲಿಲ್ಲ ನಿಜ, 1595ರಲ್ಲಿ ಅವನ ಮಹಾಕಾವ್ಯ 'ಕಾಮಿಡಿ'ಯನ್ನು ಸಂಪಾದಿಸಿತು. ಆದರೂ ಆಮೇಲಿನ ಇಡೀ ಹದಿನೇಳನೆಯ ಶತಮಾನದಲ್ಲಿ 'ಕಾಮಿಡಿ' ಅಚ್ಚಾದದ್ದು ಮೂರೇ ಸಲ. ಜನಕನನ್ನು ಮಕ್ಕಳು ಹೀಗೆ ನೋಡಿಕೊಂಡರು.

ಇನ್ನು ಪೆಟ್ರಾರ್ಕ. ಅವನು ಫ್ಲಾರೆನ್ಸ್ ಹೊರಹಾಕಿದ್ದ ಮನೆತನದ ಮಗ, 1304ರಲ್ಲಿ ಅರೆಟ್ಸೊದಲ್ಲಿ ಹುಟ್ಟಿ ಫ್ರಾನ್ಸಿನ ಅವಿನ್ಯೋನಿನ ಸುತ್ತಮುತ್ತ ಬೆಳೆದವನು. ತನ್ನ ಹೆಸರು ಉಳಿಯುವುದು ಲ್ಯಾಟಿನ್ ಕೃತಿಗಳಿಂದ ಎಂದು ನಂಬಿದ್ದವನು. ಮುಂದೆ ಯುರೋಪೇ ತಲೆಯ ಮೇಲೆ ಹೊತ್ತು ಮೆರೆಸಿದ ಅವನ 366 ಇಟಾಲಿಯನ್ ಕವನಗಳಿಗೆ ಅವನಿಟ್ಟ ಹೆಸರೂ ಲ್ಯಾಟಿನ್ನೇ, ಅರ್ಥ 'ದೇಶನುಡಿಯ ಚೂರುಗಳು' ಎಂಬಂಥದು. ಅವನ ಕೈಬರಹದ ಕರಡುಗಳು ವ್ಯಾಟಿಕನ್ನಿನಲ್ಲಿವೆ. ಕವನ ಇಟಾಲಿಯನ್ನಿನಲ್ಲಿ, ಅಂಚಿನಲ್ಲಿ ತನಗೆ ತಾನೇ ಹೇಳಿಕೊಂಡ ಮಾತು ಲ್ಯಾಟಿನ್ನಿನಲ್ಲಿ. ಅಂದರೆ ಇಟಾಲಿಯನ್ ಕಾವ್ಯಭಾಷೆಗೆ ಮಾದರಿಯಾದವನೇ ಆ ಭಾಷೆಯಲ್ಲಿ ಗೊಣಗಿಕೊಳ್ಳುತ್ತಿರಲಿಲ್ಲ.

ಪೆಟ್ರಾರ್ಕನನ್ನು ಮಾದರಿಯಾಗಿ ಹಿಡಿದದ್ದರ ಫಲ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಕಂಡಿತು. ಕವಿಗಳಿಗೆ ಹಕ್ಕಿ 'ಉಚೆಲ್ಲೊ' ಅಲ್ಲ, 'ಆವ್ಜೆಲ್ಲೊ'. ಆಸೆ 'ಸ್ಪೆರಾನ್ಸ' ಅಲ್ಲ, 'ಸ್ಪೆಮೆ'. ಕತ್ತಿ 'ಸ್ಪಾದ' ಅಲ್ಲ, 'ಬ್ರಾಂದೊ'. ಒಪೆರಾ ಕೇಳಿ ಇಟಾಲಿಯನ್ ಕಲಿಯುತ್ತೇನೆಂದು ಹೊರಟವರು ಮಿಲಾನಿನ ಅಂಗಡಿಯಲ್ಲಿ ಆ ಪದಗಳನ್ನು ಬಳಸಿದರೆ ಅಂಗಡಿಯವನು ನಗದೇ ಇದ್ದರೆ ಅದು ಅವನ ದೊಡ್ಡಗುಣ. ಲಿಯೊಪಾರ್ಡಿಯಂಥ ಮಹಾಕವಿಯೂ ಹಳ್ಳಿಯ ಹುಡುಗಿಯ ಕೈಗೆ ಗುಲಾಬಿ ಮತ್ತು ವಯೊಲೆಟ್ ಹೂಗಳ ಗೊಂಚಲು ಕೊಟ್ಟ. ಇವೆರಡೂ ಒಂದೇ ಋತುವಿನಲ್ಲಿ ಅರಳುವುದಿಲ್ಲವಲ್ಲ ಎಂದು ಆಕ್ಷೇಪಿಸಿದವನು ಮುಂದಿನ ತಲೆಮಾರಿನ ಕವಿ ಪಾಸ್ಕೊಲಿ. ಹೂವಿಗೆ ಹೊಲದಲ್ಲಿರುವ ಹೆಸರು ಬೇರೆ, ಕಾವ್ಯದಲ್ಲಿರುವ ಹೆಸರು ಬೇರೆ ಎಂಬ ಸ್ಥಿತಿ ಅವನನ್ನು ಕಾಡಿತ್ತು. ನನಗೆ ಲಿಯೊಪಾರ್ಡಿಯೇ ಇಷ್ಟ; ಆದರೂ ಪಾಸ್ಕೊಲಿಯ ದೂರು ನ್ಯಾಯವಾದದ್ದು.

1861ರಲ್ಲಿ ಇಟಲಿ ಒಂದು ದೇಶವಾಯಿತು. ಆಗ ಇಟಾಲಿಯನ್ ಆಡಬಲ್ಲವರು ನೂರಕ್ಕೆ ಎರಡೂವರೆ ಮಂದಿ ಎಂದು ಭಾಷಾಶಾಸ್ತ್ರಜ್ಞ ತುಲ್ಲಿಯೊ ದೆ ಮೌರೊ 1963ರಲ್ಲಿ ಅಂದಾಜು ಮಾಡಿದ. ಅರಿಗೊ ಕಾಸ್ತೆಲ್ಲಾನಿ ಅದನ್ನು ಒಪ್ಪದೆ ಲೆಕ್ಕವನ್ನು ಎಷ್ಟು ಧಾರಾಳ ಮಾಡಿದರೂ ನೂರಕ್ಕೆ ಹತ್ತು ದಾಟಲಿಲ್ಲ. ಉಳಿದವರು ಆಡುತ್ತಿದ್ದುದು ನೆಪೋಲಿಟನ್, ವೆನಿಶಿಯನ್, ಸಿಸಿಲಿಯನ್, ಪೀಡ್ಮಾಂಟಿನ ನುಡಿ. ಇವನ್ನು 'ಉಪಭಾಷೆ' ಎಂದಾಗ ನಾವು ಧಾರವಾಡದ ಕನ್ನಡ, ಮೈಸೂರಿನ ಕನ್ನಡ ಎಂಬಂತೆ ಊಹಿಸಿಕೊಳ್ಳುತ್ತೇವೆ. ಅದು ತಪ್ಪು. ಅವು ಇಟಾಲಿಯನ್ನಿನ ಕೆಟ್ಟ ರೂಪಗಳಲ್ಲ, ಅದರಂತೆಯೇ ಲ್ಯಾಟಿನ್ನಿನಿಂದ ನೇರವಾಗಿ ಇಳಿದು ಬಂದವು. ಸಿಸಿಲಿಯ ರೈತನಿಗೂ ಟ್ಯೂರಿನ್ನಿನ ಕೂಲಿಯವನಿಗೂ ನಡುವೆ ಇದ್ದ ದೂರ ಕನ್ನಡಕ್ಕೂ ತುಳುವಿಗೂ ಇರುವ ದೂರವನ್ನು ನೆನಪಿಸುವಂಥದು.

'ಡಾಂಟೆ ನಮ್ಮ ಭಾಷೆಯ ತಂದೆ' ಎಂಬ ಮಾತಿಗೆ ರಾಜ್ಯದ ಮುದ್ರೆ ಬಿದ್ದದ್ದು ಈ ಹೊತ್ತಿನಲ್ಲಿ. 1865ರ ಮೇ ತಿಂಗಳು, ಡಾಂಟೆ ಹುಟ್ಟಿ 600 ವರ್ಷ. ಫ್ಲಾರೆನ್ಸ್ ಆಗಷ್ಟೇ ರಾಜಧಾನಿಯಾಗಿತ್ತು. ಸಾಂತ ಕ್ರೋಚೆ ಚೌಕದಲ್ಲಿ ಎನ್ರಿಕೊ ಪಾತ್ಸಿ ಕೆತ್ತಿದ ಅಮೃತಶಿಲೆಯ ಪ್ರತಿಮೆಯ ಅನಾವರಣ, ಎರಡನೆಯ ವಿಟ್ಟೋರಿಯೊ ಎಮ್ಯಾನುಯೆಲ್ ದೊರೆಯ ಎದುರು. ಆ ದೊರೆ ಸಲೀಸಾಗಿ ಆಡುತ್ತಿದ್ದುದು ಪೀಡ್ಮಾಂಟಿನ ನುಡಿ ಮತ್ತು ಫ್ರೆಂಚ್. ಅವನ ಪ್ರಧಾನಿಯಾಗಿದ್ದ ಕವೂರನಿಗೂ ಫ್ರೆಂಚೇ ಹೆಚ್ಚು ಬಾಯಿಗೆ ಬರುತ್ತಿತ್ತು. ಮಾಂಜೋನಿಯ ಮನೆಮಾತು ಮಿಲಾನಿನದು. ಅವನು 1827ರಲ್ಲಿ ಅಚ್ಚಾದ ತನ್ನ ಕಾದಂಬರಿಯನ್ನು ಫ್ಲಾರೆನ್ಸಿನವರ ಮಾತು ಕೇಳಿ ಕೇಳಿ ತಿದ್ದಿ 1840ರಿಂದ ಮತ್ತೆ ಹೊರತಂದ. ಪ್ರತಿಮೆ ಒಂದು ಹಾರೈಕೆಯಾಗಿತ್ತು. ನಾವು ಅದನ್ನು ಇತಿಹಾಸ ಎಂದು ಓದಿಕೊಂಡೆವು.

ಬಾಯಿಮಾತಿನ ಇಟಾಲಿಯನ್ ಹುಟ್ಟಿದ್ದು ಆಮೇಲೆ: ಶಾಲೆ, ಸೈನ್ಯ, ದಕ್ಷಿಣದಿಂದ ಉತ್ತರದ ಕಾರ್ಖಾನೆಗಳಿಗೆ ಹರಿದ ವಲಸೆ, 1954ರ ಜನವರಿ 3ರಂದು ಶುರುವಾದ ದೂರದರ್ಶನ. 1960ರಿಂದ 1968ರವರೆಗೆ ಅಲ್ಬೆರ್ತೊ ಮಾಂಜಿ ಎಂಬ ಮೇಷ್ಟ್ರು ಟಿವಿಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದರು. ಆ ನುಡಿಯ ದಿನಬಳಕೆಯ ಪದಗಳನ್ನು ಕೆದಕಿದರೆ ಮಹಾಕವಿಗಳು ಅಷ್ಟಾಗಿ ಸಿಗುವುದಿಲ್ಲ, ಬಂದರು, ಅಡುಗೆಮನೆ, ಬ್ಯಾರಕ್ಕುಗಳು ಸಿಗುತ್ತವೆ. ಜಗತ್ತಿಗೇ ಗೊತ್ತಿರುವ 'ಚಾವ್' ವೆನಿಸಿನದು; 'ನಿಮ್ಮ ದಾಸ' ಎಂಬ ವಂದನೆ ಸವೆದು ಸವೆದು ಉಳಿದ ತುಣುಕು. 'ಪಿಜ್ಜಾ', 'ಮೊಟ್ಸರೆಲ್ಲ' ನೇಪಲ್ಸ್ ಕಡೆಯವು. 'ರಿಸೊಟ್ಟೊ', 'ಪನೆಟ್ಟೊನೆ' ಮಿಲಾನಿನವು. ಕಸಬರಿಕೆಗೆ 'ರಮಾಟ್ಸ' ಎನ್ನುವುದನ್ನೂ ಒಂದು ಗುಟುಕು ಮದ್ಯಕ್ಕೆ 'ಚಿಕೆತ್ತೊ' ಎನ್ನುವುದನ್ನೂ ದೇಶಕ್ಕೆ ಹಂಚಿದವರು ಪೀಡ್ಮಾಂಟಿನ ಸಿಪಾಯಿಗಳು. ಕಲ್ಲಂಗಡಿಗಂತೂ ಇವತ್ತಿಗೂ ಒಮ್ಮತವಿಲ್ಲ: ಉತ್ತರದಲ್ಲಿ 'ಅಂಗೂರಿಯ', ಟಸ್ಕನಿ ಮತ್ತು ರೋಮಿನಲ್ಲಿ 'ಕೊಕೊಮೆರೊ', ದಕ್ಷಿಣದಲ್ಲಿ ಮತ್ತೊಂದು. ಅಪ್ಪನಿಗೆ ಡಾಂಟೆ ಬಳಸಿದ ಪದ 'ಬಬ್ಬೊ'. ಇಂದು ಅದು ಟಸ್ಕನಿ ಮತ್ತು ಸುತ್ತಲಿನ ಕೆಲವು ಸೀಮೆಗಳಿಗೆ ಸೇರಿದ ಮಾತು; ದೇಶದ ಬಹುಪಾಲು ಮಕ್ಕಳು ಫ್ರೆಂಚಿನಿಂದ ಬಂದ 'ಪಪಾ' ಎಂದು ಕರೆಯುತ್ತಾರೆ.

ಇಲ್ಲಿ ಎದುರುವಾದವನ್ನು ಕೇಳಲೇಬೇಕು, ಅದು ಹಗುರವಾದದ್ದಲ್ಲ. ಇಂದಿನ ಇಟಾಲಿಯನ್ನಿನ ಮೂಲ ಪದಕೋಶದ ಬಹುಪಾಲು 'ಕಾಮಿಡಿ'ಯಲ್ಲಿ ಆಗಲೇ ಇದೆ ಎಂದು ತೋರಿಸಿದವನೂ ಅದೇ ದೆ ಮೌರೊ. 'ಕಾಮಿಡಿ'ಯ ಸುಮಾರು 800 ಹಸ್ತಪ್ರತಿಗಳು ಉಳಿದಿವೆ; ಫ್ಲಾರೆನ್ಸಿನ ನುಡಿ ಬೇರೆ ಸೀಮೆಗಳಿಗೆ ಹೋಗಲು ಅದೂ ಒಂದು ವಾಹನವಾಯಿತು, ನಿರಾಕರಿಸುವಂತಿಲ್ಲ. ಆದರೆ ಕೈ, ನೀರು, ರೊಟ್ಟಿ, ಹೋಗು, ಬಾ ಎಂಬ ಪದಗಳನ್ನು ಅವನು ಹುಟ್ಟಿಸಲಿಲ್ಲ. ಅವು ಫ್ಲಾರೆನ್ಸಿನ ಬಾಯಲ್ಲಿದ್ದವು. ಮುಂದೆ ಫ್ಲಾರೆನ್ಸಿನ ನುಡಿಯನ್ನೇ ಮಾದರಿಯಾಗಿ ಆರಿಸಿದಾಗ ಅವು ಉಳಿದವು.

ಮೇಲಾಗಿ ಪದ ಉಳಿದರೆ ಅರ್ಥವೂ ಉಳಿಯಿತೆಂದಲ್ಲ. ಡಾಂಟೆಯ 'ವೀಟ ನುವೋವ'ದಲ್ಲಿ ಅವನ ಪ್ರೇಯಸಿ ಬಿಯಾಟ್ರಿಸ್ ಜನರಿಗೆ ವಂದಿಸುತ್ತ ಹಾದುಹೋಗುವ ಸುನೀತವೊಂದಿದೆ, ಇಟಲಿಯ ಮಕ್ಕಳೆಲ್ಲ ಕಲಿಯುವಂಥದು. ಇಟಾಲಿಯನ್ ಕಲಿಯಲು ಶುರುಮಾಡಿದವರಿಗೂ ಅರ್ಥವಾದಂತೆ ಅನ್ನಿಸುತ್ತದೆ. 1947ರಲ್ಲಿ ವಿಮರ್ಶಕ ಜಾನ್‌ಫ್ರಾಂಕೊ ಕಾಂತೀನಿ ಅದರ ಪದಗಳನ್ನು ಒಂದೊಂದಾಗಿ ಬಿಡಿಸಿ ಈ ನೆಮ್ಮದಿಯನ್ನು ಕೆಡಿಸಿದ. 'ಜೆಂತೀಲೆ' ಎಂದರೆ ಇಂದಿನ ಹಾಗೆ ಸೌಜನ್ಯವಲ್ಲ, ಆತ್ಮದ ಕುಲೀನತೆ. 'ಒನೆಸ್ತ' ಎಂದರೆ ಪ್ರಾಮಾಣಿಕತೆಯಲ್ಲ, ಹೊರಗೆ ಕಾಣುವ ಘನತೆ. 'ದೊನ್ನ' ಯಾವುದೋ ಹೆಂಗಸಲ್ಲ, ಹೃದಯದ ಒಡತಿ. 'ಪಾರೆ' ಎಂದರೆ 'ಹಾಗೆ ತೋರುತ್ತದೆ' ಎಂಬ ಅನುಮಾನವಲ್ಲ, ಕಣ್ಣೆದುರು ಪ್ರಕಟವಾಗುವುದು. ಪಂಪನ ಮುಂದೆ ಕೂತವನಿಗೆ ತನಗೆ ಅರ್ಥವಾಗುತ್ತಿಲ್ಲ ಎಂಬುದಾದರೂ ಗೊತ್ತಿರುತ್ತದೆ, ನಿಘಂಟು ತೆಗೆಯುತ್ತಾನೆ. ಡಾಂಟೆಯ ಮುಂದೆ ಕೂತವನಿಗೆ ಆ ಎಚ್ಚರವೂ ಇಲ್ಲ.

ಇಷ್ಟೆಲ್ಲ ಹೇಳಿದ್ದು ಡಾಂಟೆಯನ್ನು ಇಳಿಸಲು ಅಲ್ಲ. ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಆರಂಭದಲ್ಲಿ ಕೈಮುಗಿದದ್ದು ಮಹಾಕವಿಗೆ, ಭಾಷೆಯ ಜನಕನಿಗಲ್ಲ. ಜನಕನ ಪಟ್ಟ ಅವನ ಕಾವ್ಯದ ನಿಜವಾದ ಸಾಹಸವನ್ನೇ ಮರೆಮಾಡುತ್ತದೆ. 'ಮಮ್ಮ', 'ಬಬ್ಬೊ' ಎಂಬ ಮಕ್ಕಳ ಮಾತುಗಳಿಗೆ ಶ್ರೇಷ್ಠ ಕಾವ್ಯದಲ್ಲಿ ಜಾಗವಿಲ್ಲ ಎಂದು ತನ್ನ ಲ್ಯಾಟಿನ್ ಗ್ರಂಥದಲ್ಲಿ ಬರೆದವನು ಅವನೇ. ನರಕದ ತಳ ಮುಟ್ಟಿದಾಗ ಆ ಎರಡು ಪದಗಳನ್ನು ಕಾವ್ಯದೊಳಗೆ ತಂದವನೂ ಅವನೇ. ಅವನ ಕಾವ್ಯದಲ್ಲಿ ಬೊಲೋನ್ಯದವರ 'ಸೀಪ' ಇದೆ, ಲುಕ್ಕದವರ 'ಇಸ್ಸ' ಇದೆ, ಕಜ್ಜಿ ಇದೆ, ಹೇಲು ಇದೆ, ಲ್ಯಾಟಿನ್ ಪ್ರಾರ್ಥನೆ ಇದೆ, ಶುದ್ಧೀಕರಣದ ಬೆಟ್ಟದಲ್ಲಿ ಪ್ರೊವೆನ್ಸಾಲ್ ಕವಿ ತನ್ನದೇ ನುಡಿಯಲ್ಲಿ ಮಾತಾಡುತ್ತಾನೆ, ರಾಕ್ಷಸರು ಯಾವ ಭಾಷೆಯೂ ಅಲ್ಲದ್ದನ್ನು ಗದ್ದರಿಸುತ್ತಾರೆ. ಬೆಂಬೊ ಕಳೆ ಎಂದದ್ದು ಇದನ್ನೇ. ಒಂದು ದೇಶಕ್ಕೆ ಒಂದು ಶುದ್ಧ ನುಡಿ ಕೊಡಲು ಹೊರಟವನು ಹೀಗೆ ಬರೆಯುವುದಿಲ್ಲ. ಪೆಟ್ರಾರ್ಕನ ಒಂಟಿ ನುಡಿಗೆ ಎದುರಾಗಿ ಡಾಂಟೆಯ ಬಹುನುಡಿಯನ್ನು ನಿಲ್ಲಿಸಿ, ಇಟಲಿಯ ಸಾಹಿತ್ಯ ಹಿಡಿದದ್ದು ಮೊದಲನೆಯ ದಾರಿ ಎಂದು 1951ರಲ್ಲಿ ಸ್ಪಷ್ಟವಾಗಿ ಹೇಳಿದವನೂ ಕಾಂತೀನಿಯೇ. ಎರಡನೆಯ ದಾರಿಯಲ್ಲಿ ಅವನು ಬಹಳ ಮೆಚ್ಚಿದ ಹೆಸರು ಕಾದಂಬರಿಕಾರ ಗಾದ್ದನದು. 1957ರ ಗಾದ್ದನ ಪತ್ತೇದಾರಿ ಕಾದಂಬರಿಯಲ್ಲಿ ರೋಮ್, ನೇಪಲ್ಸ್, ವೆನಿಸ್ ನುಡಿಗಳೆಲ್ಲ ಒಟ್ಟಿಗೆ ಕುದಿಯುತ್ತವೆ.

ಅದಕ್ಕೂ ಮೊದಲು, 1942ರಲ್ಲಿ, ಇಪ್ಪತ್ತರ ಹರೆಯದ ಪಾಸೊಲೀನಿ ತಾಯಿಯ ಊರು ಕಸಾರ್ಸದ ಫ್ರಿಯುಲಿಯನ್ ನುಡಿಯಲ್ಲಿ ಮೊದಲ ಕವನ ಸಂಕಲನ ಅಚ್ಚು ಹಾಕಿಸಿದ್ದ. ಅದನ್ನು ಗುರುತಿಸಿ ಬರೆದ ಮೊದಲಿಗ ಕಾಂತೀನಿ. ಫ್ಯಾಸಿಸ್ಟ್ ಸರ್ಕಾರಕ್ಕೆ ಊರನುಡಿಗಳ ಸಾಹಿತ್ಯ ಕಂಡರೆ ಆಗುತ್ತಿರಲಿಲ್ಲ, ಆ ವಿಮರ್ಶೆ 1943ರಲ್ಲಿ ಸ್ವಿಟ್ಜರ್ಲೆಂಡಿನ ಪತ್ರಿಕೆಯೊಂದರಲ್ಲಿ ಪ್ರಕಟವಾಗಬೇಕಾಯಿತು. ಅದೇ ಸರ್ಕಾರಕ್ಕೆ 'ಜನಕ' ಡಾಂಟೆ ಮಾತ್ರ ಬೇಕಾಗಿದ್ದ: ರೋಮಿನ ನಡುಮಧ್ಯೆ ಅವನ ಹೆಸರಿನಲ್ಲಿ 'ಡಾಂಟೆಯುಂ' ಎಂಬ ಭಾರಿ ಸ್ಮಾರಕ ಕಟ್ಟಲು ವಾಸ್ತುಶಿಲ್ಪಿ ತೆರಾನ್ಯಿ 1938ರಲ್ಲಿ ನಕ್ಷೆ ತಂದಾಗ ಮುಸ್ಸೊಲಿನಿ ಒಪ್ಪಿದ್ದ. ಯುದ್ಧ ಬಂದದ್ದರಿಂದ ಅದು ಮೇಲೇಳಲಿಲ್ಲ.