ಜೆದ್ದಾದಲ್ಲಿ ಏಳು ದಿನ: ಪಟ್ಟಿಯ ಕೊನೇ ಸಾಲು

ಜೆದ್ದಾದಲ್ಲಿ ಒಂದು ವಾರ ಏನು ಮಾಡೋದು, ಎಲ್ಲಿ ತಿನ್ನೋದು ಅಂತ ಹುಡುಕಿ ನೋಡಿ. ಇಂಗ್ಲಿಷ್‌ನಲ್ಲಿ ಹುಡುಕಿ, ಕನ್ನಡದ ವ್ಲಾಗ್‌ಗಳಲ್ಲಿ ಹುಡುಕಿ, ಸಿಗೋದು ಹೆಚ್ಚುಕಡಿಮೆ ಒಂದೇ ವಾರ. ಮೊದಲ ದಿನ ಕಾರ್ನಿಶ್, ಅಂದರೆ ಸಮುದ್ರದಂಡೆಯ ರಸ್ತೆ. ಸಂಜೆ ಕಿಂಗ್ ಫಹದ್ ಕಾರಂಜಿ. ಎರಡನೇ ದಿನ ಹಳೇ ಊರು ಅಲ್-ಬಲದ್, ಅದಕ್ಕೆ ಎರಡು ಗಂಟೆ. ಆಮೇಲೆ ಮಾಲ್, ಕೆಂಪು ಸಮುದ್ರದಲ್ಲಿ ಒಂದು ದೋಣಿ ಸವಾರಿ, ಮತ್ತೆ ಮಾಲ್. ಊಟಕ್ಕೆ ಅಲ್‌ಬೈಕ್, ಒಂದು ಮಂದಿ (ನಮ್ಮ ಕನ್ನಡದ ಮಂದಿ ಅಲ್ಲ, ತಿನ್ನೋ ಮಂದಿ), ಒಂದು ದುಬಾರಿ ಕೆಫೆ. ಕೊನೆಗೆ ಒಂದು ಸಾಲು: ಮನೆ ಊಟ ನೆನಪಾದರೆ ಶರಫಿಯಾ ಬಡಾವಣೆಯಲ್ಲಿ ಇಂಡಿಯನ್ ಹೋಟೆಲ್‌ಗಳೂ ಇವೆ.

ನನ್ನ ತಕರಾರು ಇರೋದು ಆ ಕೊನೇ ಸಾಲಿನ ಬಗ್ಗೆ. ಅದರಲ್ಲೂ ಆ 'ಗಳೂ' ಬಗ್ಗೆ.

ಮೊದಲು ನ್ಯಾಯವಾಗಿ ಮಾತಾಡೋಣ. ಸೌದಿ ಅರೇಬಿಯಾ ಪ್ರವಾಸಿಗಳಿಗೆ ಇ-ವೀಸಾ ಕೊಡೋಕೆ ಶುರುಮಾಡಿದ್ದೇ 2019ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮೊದಲು ಜೆದ್ದಾಗೆ ಬರುತ್ತಿದ್ದವರು ಹಜ್, ಉಮ್ರಾ ಯಾತ್ರಿಕರು, ಕೆಲಸಗಾರರು, ಅವರ ಮನೆಯವರು. ಸುಮ್ಮನೆ ಊರು ನೋಡೋಕೆ ಬಂದೆ ಅನ್ನೋ ಮನುಷ್ಯ ಇಲ್ಲಿಗೆ ಹೊಸಬ. ಅವನಿಗಾಗಿ ಬರೆಯುವವರೂ ಹೊಸಬರೇ, ಹಾಗಾಗಿ ದುಬೈಗೆ ಹೊಲಿದ ಅಂಗಿಯನ್ನೇ ಜೆದ್ದಾಗೂ ತೊಡಿಸಿಬಿಟ್ಟಿದ್ದಾರೆ. ಇನ್ನೊಂದು ಮಾತು. ಆ ಮೊದಲ ಇ-ವೀಸಾ 49 ದೇಶಗಳ ಪಾಸ್‌ಪೋರ್ಟಿಗೆ ಇತ್ತು. ಅಮೆರಿಕ ಇತ್ತು, ಬ್ರಿಟನ್ ಇತ್ತು, ಭಾರತ ಇರಲಿಲ್ಲ. ಅಂದರೆ ನ್ಯೂಜೆರ್ಸಿಯಲ್ಲಿ ಹುಟ್ಟಿದ ತಮ್ಮನ ಮಗಳು ಪ್ರವಾಸಿಯಾಗಿ ಇಳಿಯಬಹುದು. ಅದೇ ಊರಲ್ಲಿ ಇಪ್ಪತ್ತು ವರ್ಷ ದುಡಿದ ದೊಡ್ಡಪ್ಪ ಪ್ರವಾಸಿಯಾಗಿ ಆ ಊರು ನೋಡಿದ್ದೇ ಇಲ್ಲ. ಈ ಪಟ್ಟಿಗಳು ಬರೆದಿರೋದು ತಮ್ಮನ ಮಗಳಿಗೆ. ಅವಳು ನೋಡೋಕೆ ಬಂದಿರೋದು ದೊಡ್ಡಪ್ಪನ ಊರನ್ನ ಅನ್ನೋದು ಪಟ್ಟಿಗೆ ಗೊತ್ತಿಲ್ಲ.

ಅಲ್-ಬಲದ್‌ನಿಂದ ಶುರುಮಾಡ್ತೀನಿ, ಯಾಕಂದ್ರೆ ಪಟ್ಟಿಗಳು ಅತಿ ಹೆಚ್ಚು ಹೊಗಳಿ ಅತಿ ಕಡಿಮೆ ನೋಡಿರೋದು ಅದನ್ನೇ. 'ಅಪ್ಪಟ ಅರಬ್ ವಾಸ್ತುಶಿಲ್ಪ' ಅಂತ ಬರೆದು ಒಂದು ಕಿಟಕಿಯ ಫೋಟೊ ಹಾಕಿ ಮುಂದೆ ಹೋಗ್ತಾರೆ. ಆ ಕಿಟಕಿಗೆ ರೋಶನ್ ಅಂತ ಹೆಸರು. ಗೋಡೆಯಿಂದ ಹೊರಗೆ ಚಾಚಿಕೊಂಡ, ಕೆತ್ತನೆಯ ಮರದ ಪೆಟ್ಟಿಗೆ ಥರದ್ದು. ಒಳಗಿದ್ದವರಿಗೆ ಗಾಳಿ, ಬೀದಿಯವರಿಗೆ ನೆರಳು. ಗೋಡೆ ಕೆಂಪು ಸಮುದ್ರದ ಹವಳದ ಕಲ್ಲಿನದು, ಅದು ಇಲ್ಲಿಯದೇ. ಆದರೆ ಮರ? ಈ ಮರಳುಗಾಡಿನಲ್ಲಿ ತೇಗ ಎಲ್ಲಿ ಬೆಳೆಯುತ್ತೆ ಸ್ವಾಮಿ? ಹಡಗಿನಲ್ಲಿ ಬಂತು, ಭಾರತದಿಂದ, ಇನ್ನೂ ಪೂರ್ವದ ದೇಶಗಳಿಂದ. ಕ್ರಿ.ಶ. 647ರಲ್ಲಿ ಖಲೀಫ ಉಸ್ಮಾನ್ ಇದನ್ನು ಮೆಕ್ಕಾದ ಬಂದರು ಅಂತ ಮಾಡಿದಾಗಿನಿಂದ ಇಲ್ಲಿ ಅರ್ಧ ಊರು ಹಡಗಿನಿಂದಲೇ ಇಳಿದಿದ್ದು. 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದೂ 'ಮೆಕ್ಕಾದ ಬಾಗಿಲು' ಅನ್ನೋ ಹೆಸರಲ್ಲೇ.

ನಸೀಫ್ ಮನೆ ಮುಂದೆ ನಿಂತರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. 1881ರ ಹೊತ್ತಿಗೆ ಕಟ್ಟಿ ಮುಗಿದ ವರ್ತಕರ ಮನೆ. 1925ರಲ್ಲಿ ಜೆದ್ದಾ ಕೈಗೆ ಬಂದಾಗ ರಾಜ ಅಬ್ದುಲ್‌ಅಜೀಜ್ ಉಳಿದದ್ದು ಇಲ್ಲೇ. ಆದರೆ ಊರಿನವರು ಇದನ್ನು ಕರೆಯುತ್ತಿದ್ದದ್ದು 'ಮರದ ಮನೆ' ಅಂತ. ಮರದಿಂದ ಕಟ್ಟಿದ್ದು ಅಂತಲ್ಲ, ಬಾಗಿಲ ಮುಂದೆ ಒಂದು ಮರ ಇತ್ತು ಅಂತ. ಹಳೇ ಜೆದ್ದಾಗೆಲ್ಲ ಒಂದೇ ಮರವಂತೆ. ಯಾವ ಮರ ಗೊತ್ತಾ? ಬೇವು. ಭಾರತದಿಂದ ಬಂದಿದ್ದು ಅನ್ನೋದು ವಾಡಿಕೆಯ ಮಾತು. ಯುಗಾದಿಗೆ ಡಬ್ಬಿಯಲ್ಲಿ ಬಂದ ಒಣ ಬೇವಿನೆಲೆ ಹುಡುಕುವ ನಮ್ಮ ವಿದೇಶದ ಮಕ್ಕಳನ್ನ ಅಲ್ಲಿ ಒಂದು ಹತ್ತು ನಿಮಿಷ ನಿಲ್ಲಿಸಬೇಕು.

ಈಗ ಊಟ. ಪಟ್ಟಿಗಳಲ್ಲಿ ಎರಡು ಕಪಾಟು ಇರುತ್ತೆ: 'ಸ್ಥಳೀಯ' ಮತ್ತು 'ಇಂಡಿಯನ್ ಇತ್ಯಾದಿ'. ಸ್ಥಳೀಯ ಕಪಾಟನ್ನೇ ತೆಗೆದು ನೋಡೋಣ. ಮಂದಿ: ಯೆಮನ್‌ನ ಹದ್ರಮೌತ್‌ನದ್ದು. ರುಜ್ ಬುಖಾರಿ, ಕ್ಯಾರೆಟ್ ಹಾಕಿದ ಕೆಂಚು ಅನ್ನ: ಹೆಸರಲ್ಲೇ ಬುಖಾರಾ ಇದೆ, ಮಧ್ಯ ಏಷ್ಯಾದಿಂದ ಬಂದು ಹಿಜಾಜ್‌ನಲ್ಲಿ ನೆಲೆನಿಂತವರ ಅಡುಗೆ. ಹಬೆಯಲ್ಲಿ ಬೇಯಿಸಿದ ಮಂತೂ, ಅದೂ ಅವರದೇ. ಬೆಳಿಗ್ಗೆ ಫೂಲ್ ಅನ್ನೋ ಬೇಳೆಯಂಥ ಫಾವಾ ಬೀನ್ಸ್ ಗೊಜ್ಜಿನ ಜೊತೆ ಹರಿದು ತಿನ್ನೋ ತಮೀಸ್ ರೊಟ್ಟಿ, ಬಟ್ಟಲಗಲ ಅಲ್ಲ, ತಟ್ಟೆಗಿಂತ ಅಗಲ. ಅದನ್ನು ತಂದೂರಿನಲ್ಲಿ ಹೊಡೆಯುವವರು ಹೆಚ್ಚಾಗಿ ಅಫ್ಘಾನಿಗಳು. ಮುತಬ್ಬಕ್ ಅಂದರೆ ಅರಬಿಯಲ್ಲಿ 'ಮಡಿಚಿದ್ದು'. ತೆಳ್ಳಗೆ ಬೀಸಿದ ಹಿಟ್ಟಿನೊಳಗೆ ಮೊಟ್ಟೆ, ಖೀಮಾ, ಈರುಳ್ಳಿ ಇಟ್ಟು ಮಡಿಚಿ ಕಾವಲಿ ಮೇಲೆ ಸುಡ್ತಾರೆ. ಇದು ಹಿಂದೂ ಮಹಾಸಾಗರದ ಎಷ್ಟು ಬಂದರುಗಳಲ್ಲಿ ಎಷ್ಟು ಹೆಸರಲ್ಲಿ ಸಿಗುತ್ತೆ ಅಂತ ಲೆಕ್ಕ ಹಾಕೋಕೆ ಕೂತರೆ ವಾರ ಸಾಲದು. ಹಾಲಲ್ಲಿ ಬೆಂದ ಸಲೀಕ್ ಅನ್ನವನ್ನ ತಾಯಿಫ್‌ನವರು ತಮ್ಮದು ಅಂತಾರೆ. ಹಾಗಾದರೆ ಕಪಾಟಿನಲ್ಲಿ ಹತ್ತಿರದ ಊರಿನದ್ದೂ ಒಂದಿದೆ ಅನ್ನೋಣ.

ಬಂದು ಉಳಿದವರ ಅಡುಗೆಯೇ ಇಲ್ಲಿ ಸ್ಥಳೀಯ ಅಡುಗೆ. ಯಾತ್ರೆಗೆ ಬಂದ ಬುಖಾರಾದವನು ನೂರು ವರ್ಷದ ನಂತರ 'ಸ್ಥಳೀಯ' ಆದ. ಹಾಗಿದ್ದಮೇಲೆ ಶರಫಿಯಾದ ಪರೋಟ, ಗಂಜಿ, ಮೀನು ಸಾರು ಮಾತ್ರ ಯಾಕೆ 'ಮನೆ ನೆನಪಾದರೆ' ಕಪಾಟಿಗೆ? ಎರಡಕ್ಕೂ ಇರೋ ವ್ಯತ್ಯಾಸ ರುಚಿಯದ್ದಲ್ಲ, ಕಾಗದದ್ದು. ಬುಖಾರಿಯವರಲ್ಲಿ ಅನೇಕರಿಗೆ ಪೌರತ್ವ ಸಿಕ್ಕಿತು, ನಮ್ಮವರಿಗೆ ಇಕಾಮ, ಅಂದರೆ ನವೀಕರಿಸುತ್ತಾ ಇರಬೇಕಾದ ವಾಸದ ಚೀಟಿ. ಇದನ್ನು ಊಟದ ಪಟ್ಟಿಯಲ್ಲಿ ಯಾಕೆ ಹೇಳಬೇಕು ಅಂತ ಕೇಳಬಹುದು. ಹೇಳದೆ ಇದ್ದರೆ ಊಟವೇ ಅರ್ಥವಾಗಲ್ಲ, ಅದಕ್ಕೆ.

ಶರಫಿಯಾಗೆ ಶುಕ್ರವಾರ ಸಂಜೆ ಹೋಗಿ. ಅನೇಕರಿಗೆ ವಾರಕ್ಕೆ ಸಿಗೋ ರಜೆ ಅದೊಂದೇ. ಬೋರ್ಡುಗಳು ಹೆಚ್ಚಾಗಿ ಮಲಯಾಳಂ. ಕನ್ನಡ ಬೋರ್ಡು ಹುಡುಕಿ ನಿರಾಶರಾಗಬೇಡಿ. ಇಲ್ಲಿನ ಕರ್ನಾಟಕದವರಲ್ಲಿ ಬಹಳ ಮಂದಿ ಕರಾವಳಿಯವರು. ರೂಮಿನಲ್ಲಿ ಬ್ಯಾರಿ, ತುಳು, ಭಟ್ಕಳದವರಾದರೆ ನವಾಯತಿ, ಹೋಟೆಲಿನಲ್ಲಿ ಮಲಯಾಳಂ, ಕೆಲಸದಲ್ಲಿ ಅರಬಿ, ಹಿಂದಿ. ಕನ್ನಡ ಅಂದರೆ ಶಾಲೆಯಲ್ಲಿ ಓದಿದ್ದು, ಊರಿನಿಂದ ಬರೋ ಸುದ್ದಿ. ಆದರೂ 'ಎಂಥದು ಮಾರಾಯ' ಅಂತ ಪಕ್ಕದ ಟೇಬಲ್ಲಿನಿಂದ ಕೇಳಿಸುತ್ತೆ. ಕಿವಿ ತೆರೆದಿಟ್ಟರೆ ಸಾಕು.

ಅಲ್‌ಬೈಕ್ ಬಗ್ಗೆ ಪಟ್ಟಿಗಳು ಹೇಳೋದು ಸರಿ, ಅದರಲ್ಲಿ ಜಗಳ ಇಲ್ಲ. 1974ರಿಂದ ಇರೋ ಜೆದ್ದಾದ ಕೋಳಿ, ಬೆಳ್ಳುಳ್ಳಿ ಸಾಸಿನ ಪುಟ್ಟ ಡಬ್ಬಿ, ಉದ್ದ ಸಾಲು. ದೊಡ್ಡ ಕಾರಿನವರೂ ಲೇಬರ್ ಕ್ಯಾಂಪಿನವರೂ ಒಂದೇ ರೇಟಿಗೆ ಒಂದೇ ಪೆಟ್ಟಿಗೆ ಹಿಡಿದು ಹೋಗುವ ಜಾಗ ಈ ಊರಲ್ಲಿ ತುಂಬಾ ಇಲ್ಲ. ಕಾರ್ನಿಶ್‌ನಲ್ಲಿ ಹೆನ್ರಿ ಮೂರ್, ಮಿರೊ ಶಿಲ್ಪಗಳಿರೋದನ್ನ ಹೇಳದ ಪಟ್ಟಿಗಳಿಗೆ ಮಾತ್ರ ಅಂಕ ಕಳೀಬೇಕು. ಎಪ್ಪತ್ತರ ದಶಕದಲ್ಲಿ ಮೇಯರ್ ಆಗಿದ್ದ ಮೊಹಮ್ಮದ್ ಸಯೀದ್ ಫಾರ್ಸಿ ಊರಿಗೆ ತುಂಬಿಸಿದ್ದು ಅವನ್ನ.

ಆದರೆ ಪಟ್ಟಿಗಳ ಅತಿ ದೊಡ್ಡ ಮೌನ ಬೇರೆಯೇ ಇದೆ. 2021ರ ಅಕ್ಟೋಬರ್‌ನಿಂದ ಜೆದ್ದಾದ ದಕ್ಷಿಣ ಮತ್ತು ನಡುಭಾಗದ ಹತ್ತಾರು ಬಡಾವಣೆಗಳನ್ನ ಕೆಡವಲಾಯಿತು. ಗುಲೈಲ್, ಪೆಟ್ರೋಮಿನ್ ಅವುಗಳಲ್ಲಿ ಎರಡು. ಅಕ್ರಮ ಕಟ್ಟಡ, ಅಪರಾಧ, ಕೊಳಚೆ ಅಂತ ಸರ್ಕಾರ ಕಾರಣ ಕೊಟ್ಟಿತು. ಪರಿಹಾರ ಸೌದಿ ಪ್ರಜೆಗಳಿಗೆ ಮಾತ್ರ. ಅಲ್ಲಿ ದಶಕಗಳಿಂದ ಇದ್ದ ವಿದೇಶಿಯರಿಗೆ ಇಲ್ಲ ಅನ್ನೋದನ್ನ ಆಮ್ನೆಸ್ಟಿ ಟೀಕಿಸಿತು. ಆ ಬೀದಿಗಳು ಚೆಂದ ಇದ್ದವು ಅಂತ ನಾನು ಹೇಳ್ತಿಲ್ಲ. ಚರಂಡಿ ಸರಿ ಇರದ ಬೀದಿಯನ್ನ ದೂರದಿಂದ ಹಾಡಿಹೊಗಳೋದು ಸುಲಭ. ಆದರೆ ಅಗ್ಗದ ಬಾಡಿಗೆ, ಅಗ್ಗದ ಊಟ ಇದ್ದದ್ದು ಅಂಥ ಕಡೆ. ಹಳೇ ಊರಿನ ಹವಳದ ಕಲ್ಲನ್ನ ಒಂದೊಂದಾಗಿ ದುರಸ್ತಿ ಮಾಡಿ, ಆ ಊರನ್ನ ನಡೆಸಿದವರ ಬೀದಿಗಳನ್ನ ಬುಲ್ಡೋಜರಿನಲ್ಲಿ ತಳ್ಳಿದ್ದು ಒಂದೇ ಹೊತ್ತಿನಲ್ಲಿ. ಏಳು ದಿನದ ಪಟ್ಟಿ ಮೊದಲನೆಯದನ್ನ ಮಾತ್ರ ತೋರಿಸುತ್ತೆ.

ಹಾಗಾದ್ರೆ ವಾರ ಹೇಗೆ ಕಳೆಯೋದು? ಹಗಲು ಬಿಡಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಂಗಳೂರಿನ ಸೆಕೆಯ ಅಣ್ಣ ಅದು. ಊರು ಏಳೋದೇ ಸಂಜೆ ಮೇಲೆ. ಶುಕ್ರವಾರ ಬೆಳಿಗ್ಗೆ ಬಾಗಿಲು ಮುಚ್ಚಿರೋ ಊರಲ್ಲಿ ಅಲೆಯೋ ಪ್ಲಾನ್ ಹಾಕಬೇಡಿ. ಅಲ್-ಬಲದ್‌ಗೆ ಎರಡು ಇಡೀ ರಾತ್ರಿ ಕೊಡಿ. ಒಂದು ಬೆಳಗಿನ ಜಾವ ಮೀನು ಮಾರುಕಟ್ಟೆಗೆ ಹೋಗಿ, ಮೀನು ಆರಿಸಿ, ಹುರಿಸಿಕೊಂಡು ತಿನ್ನಿ. ದೊಡ್ಡಪ್ಪನನ್ನೋ, ಅವರ ಹಳೇ ರೂಮ್‌ಮೇಟ್‌ನನ್ನೋ ಕರ್ಕೊಂಡು ಒಂದು ಸಂಜೆ ಕಾರಿನಲ್ಲಿ ಸುತ್ತಿ. 'ಮೊದಲ ರೂಮು ಎಲ್ಲಿತ್ತು, ತಿಂಡಿ ಎಲ್ಲಿ ತಿಂತಿದ್ರಿ' ಅಂತ ಕನ್ನಡದಲ್ಲೋ ತುಳುವಿನಲ್ಲೋ ಕೇಳಿ. ತೊದಲಿದರೂ ಪರವಾಗಿಲ್ಲ, ಅವರೂ ಅರಬಿಯನ್ನ ಹಾಗೇ ಕಲಿತದ್ದು. ಕಾರಂಜಿಗೆ ಅಂತ ಬೇರೆ ಸಂಜೆ ಇಡಬೇಡಿ. 260 ಮೀಟರಿಗೂ ಮೇಲೆ ಹಾರುತ್ತೆ, ದಾರಿಯಲ್ಲಿ ತಾನಾಗಿ ಕಾಣುತ್ತೆ.