ಒಂದು ಅಂಕಿಯ ಓದು: ಅಂಬರನಾಥ ಶಾಸನ ಮತ್ತು ಸಹಾಯಕನ ವಿದ್ವತ್ತು

ಕಲಾ ಸಂಗ್ರಹಾಲಯಗಳನ್ನು ಕುರಿತ ಇತ್ತೀಚಿನ ಬರಹಗಳಲ್ಲಿ ಕ್ಯುರೇಟರನಿಗೆ, ಅಂದರೆ ಸಂಗ್ರಹದ ಆಯ್ಕೆ, ವ್ಯಾಖ್ಯಾನ ಮತ್ತು ಪ್ರದರ್ಶನಗಳಿಗೆ ಹೊಣೆಯಾದ ವಿದ್ವಾಂಸನಿಗೆ, ಕೃತಿಕಾರನಿಗೆ ಸಲ್ಲುವಷ್ಟೇ ಮನ್ನಣೆ ಸಲ್ಲುತ್ತಿದೆ. ವಸ್ತುವನ್ನು ಅಳೆದು, ಅದರ ಸ್ಥಿತಿಗತಿಯನ್ನು ಬರೆದಿಟ್ಟು, ನೋಂದಣಿ ಪುಸ್ತಕದಲ್ಲಿ ಅದಕ್ಕೊಂದು ಸಂಖ್ಯೆ ಕೊಟ್ಟು, ವಿವರಫಲಕದ ಮೊದಲ ಕರಡನ್ನು ಸಿದ್ಧಪಡಿಸುವ ಸಹಾಯಕನ ದುಡಿಮೆಯಾದರೋ ಯಾಂತ್ರಿಕ ಕೆಲಸವೆಂದು ಎಣಿಸಲ್ಪಟ್ಟಿದೆ. ಈ ಎಣಿಕೆ ತಪ್ಪು. ಅದನ್ನು ತೋರಿಸಿಕೊಡಲು ಠಾಣೆ ಜಿಲ್ಲೆಯ ಅಂಬರನಾಥದ ಶಿವಾಲಯದಲ್ಲಿರುವ ಒಂದು ಶಾಸನ, ಅದರಲ್ಲೂ ಅದರ ಒಂದೇ ಒಂದು ಅಂಕಿ ಸಾಕು.

ಮುಂಬಯಿಯ ಭಾಯಖಳಾದಲ್ಲಿ 1872ರಲ್ಲಿ ಈಗಿನ ಕಟ್ಟಡದಲ್ಲಿ ತೆರೆದ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಸಂಗ್ರಹಾಲಯಕ್ಕೆ 1975ರಲ್ಲಿ ಡಾ. ಭಾವು ದಾಜಿ ಲಾಡ್ ಅವರ ಹೆಸರಿಡಲಾಯಿತು. ವೈದ್ಯರೂ ಪ್ರಾಚ್ಯವಿದ್ಯಾ ಸಂಶೋಧಕರೂ ಆಗಿದ್ದ ಅವರು ಆ ಸಂಸ್ಥೆಗಾಗಿ ದುಡಿದದ್ದು ನಿಜ, ಆ ಗೌರವಕ್ಕೆ ಅವರು ಅರ್ಹರೂ ಹೌದು. 1861ರಿಂದ 1874ರಲ್ಲಿ ಅವರು ತೀರಿಕೊಳ್ಳುವವರೆಗೆ ಅವರ ಸಹಾಯಕರಾಗಿ ಊರೂರು ಅಲೆದು ಶಾಸನಗಳ ಪ್ರತಿ ಮಾಡಿಕೊಟ್ಟವರು ಜುನಾಗಢದ ಪಂಡಿತ ಭಗವಾನ್‌ಲಾಲ್ ಇಂದ್ರಜಿ (1839–1888). ಇವರಿಗೆ ಸಂಗ್ರಹಾಲಯದಲ್ಲಿ ಹುದ್ದೆಯಿರಲಿಲ್ಲ. ಆದರೆ ಮಾಡಿದ್ದೆಲ್ಲ ಇಂದು ಸಹಾಯಕ ಕ್ಯುರೇಟರ್ ಎನಿಸಿಕೊಂಡವನು ಮಾಡುವ ಕೆಲಸವನ್ನೇ. ಇಂಗ್ಲಿಷ್ ಬಲ್ಲವರಲ್ಲದ ಅವರ ಗುಜರಾತಿ ಲೇಖನಗಳು ಜರ್ಮನ್ ವಿದ್ವಾಂಸ ಬ್ಯೂಲರ್ ಮೊದಲಾದವರ ಅನುವಾದದ ಮೂಲಕ ಹೊರಜಗತ್ತನ್ನು ತಲುಪಿದವು.

ಅಂಬರನಾಥದ ಶಾಸನವು ಉತ್ತರದ ಬಾಗಿಲ ಮೇಲಣ ತೊಲೆಯ ಒಳಮೈಯಲ್ಲಿದೆ. ಉತ್ತರ ಕೊಂಕಣದ ಶಿಲಾಹಾರ ಮನೆತನದ ಮಾಂವಾಣಿ, ಅಂದರೆ ಮುಮ್ಮುಣಿ, ಅದರಲ್ಲಿ ಮಹಾಮಂಡಳೇಶ್ವರನೆಂದು, ಎಂದರೆ ಸಾರ್ವಭೌಮನಿಗೆ ಅಧೀನನಾದ ದೊಡ್ಡ ಸಾಮಂತನೆಂದು, ಉಲ್ಲೇಖಗೊಂಡಿದ್ದಾನೆ. ಇದನ್ನು ಮೊದಲು ಓದಿ ಪ್ರಕಟಿಸಿದ ಭಾವು ದಾಜಿ ಅದರ ಕಾಲವನ್ನು ಶಕ 782 ಎಂದು, ಅಂದರೆ ಕ್ರಿ.ಶ. 860 ಎಂದು, ನಿರ್ಧರಿಸಿದರು. ಭಗವಾನ್‌ಲಾಲರು ಅದೇ ಕಲ್ಲನ್ನು ಮತ್ತೆ ಓದಿ, ಮೊದಲ ಅಂಕಿ ಏಳಲ್ಲ, ಒಂಬತ್ತು ಎಂದು ಕಂಡುಕೊಂಡರು. ಹಾಗಾಗಿ ಕಾಲ ಶಕ 982, ಅಂದರೆ ಕ್ರಿ.ಶ. 1060. ಯಜಮಾನನ ಓದನ್ನು ಸಹಾಯಕ ತಿದ್ದಿದ್ದು ಯಜಮಾನನ ಮರಣಾನಂತರ ಬೆಳಕು ಕಂಡಿತು.

ಈ ಒಂದು ಅಂಕಿಯ ಮೇಲೆ ಎಷ್ಟು ನಿಂತಿದೆಯೆಂಬುದನ್ನು ಕನ್ನಡ ಓದುಗರು ಬೇಗ ಗ್ರಹಿಸಬಲ್ಲರು. 860 ಎಂದಾದರೆ ದೇವಾಲಯ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲಕ್ಕೆ, 'ಕವಿರಾಜಮಾರ್ಗ'ದ ಕಾಲಕ್ಕೆ ಸೇರುತ್ತದೆ. 1060 ಎಂದಾದರೆ ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲಕ್ಕೆ. (ಆ ಕಲ್ಯಾಣ ಇಂದಿನ ಬಸವಕಲ್ಯಾಣ, ಅಂಬರನಾಥದ ಸಮೀಪದ ಕಲ್ಯಾಣವಲ್ಲ.) ಅಮೋಘವರ್ಷನ ಕಾಲದ ಕಾನ್ಹೇರಿ ಗುಹಾಶಾಸನಗಳಲ್ಲಿ ಕೊಂಕಣದ ಅಧಿಪತಿಯಾಗಿ ಕಾಣಿಸಿಕೊಳ್ಳುವವನು ಶಿಲಾಹಾರ ಕಪರ್ದಿಯೇ ಹೊರತು ಮುಮ್ಮುಣಿಯಲ್ಲ. ಮುಮ್ಮುಣಿಯ ಅಣ್ಣ ಛಿತ್ತರಾಜನ ಭಾಂಡುಪ್ ತಾಮ್ರಪಟದ ಕಾಲ ಶಕ 948. ಅಣ್ಣ 948ರಲ್ಲಿ ಆಳುತ್ತಿರಲು ತಮ್ಮ 782ರಲ್ಲಿ ಆಳಿರಲು ಸಾಧ್ಯವಿಲ್ಲ. ಕಲೆಯ ಇತಿಹಾಸವೂ ಇದಕ್ಕೇ ಸಾಕ್ಷಿ. ಅಂಬರನಾಥದ ಶಿಖರ ಭೂಮಿಜ ಶೈಲಿಯದು, ಅಂದರೆ ನಡುವಣ ಲತೆಗಳ (ಲಂಬ ಪಟ್ಟಿಗಳ) ಎಡೆಯಲ್ಲಿ ಪುಟ್ಟ ಶಿಖರಗಳನ್ನು ಸಾಲುಸಾಲಾಗಿ ಅಂತಸ್ತುಗಳಲ್ಲಿ ಜೋಡಿಸಿದ ಶೈಲಿ. ಈ ಶೈಲಿಯ ಪ್ರಸಿದ್ಧ ಮಾದರಿಯಾದ ಮಾಳವದ ಉದಯೇಶ್ವರ ದೇವಾಲಯ 11ನೇ ಶತಮಾನದ್ದು. ಹಳೆಯ ಓದೇ ಉಳಿದಿದ್ದರೆ ಅಂಬರನಾಥ ಅದಕ್ಕಿಂತ ಎರಡು ಶತಮಾನ ಹಿಂದಕ್ಕೆ ಸರಿದು, ಆ ಶೈಲಿಯ ಬೆಳವಣಿಗೆಯ ಕಥನವೇ ಬುಡಮೇಲಾಗುತ್ತಿತ್ತು.

ಪಡಿಯಚ್ಚು ತೆಗೆಯುವವನ ಕೆಲಸ ಎಂಥದೆಂದು ಇಲ್ಲಿ ಗಮನಿಸಬೇಕು. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಕುಂಚದಿಂದ ಬಡಿದು ಅಕ್ಷರದ ತಗ್ಗುಗಳಿಗೆ ಇಳಿಸಿ, ಮೇಲೆ ಮಸಿ ತಟ್ಟಿದಾಗ ಅಕ್ಷರಗಳು ಬಿಳಿಯಾಗಿ ಏಳುತ್ತವೆ. ಸವೆದ ಕಲ್ಲಿನಲ್ಲಿ ಉಳಿಯ ಗೆರೆ ಯಾವುದು, ಬಿರುಕು ಯಾವುದು ಎಂಬ ತೀರ್ಮಾನ ಅದೇ ಹೊತ್ತಿನಲ್ಲಿ, ಕಲ್ಲಿನ ಮುಂದೆಯೇ ಆಗುತ್ತದೆ. ಕಾಗದ ಮೇಜಿಗೆ ಬಂದ ಮೇಲೆ ಆ ಅವಕಾಶ ಕೈತಪ್ಪಿರುತ್ತದೆ. ಆದ್ದರಿಂದ ಪ್ರತಿ ಮಾಡುವುದೇ ವ್ಯಾಖ್ಯಾನದ ಆರಂಭ. ಪ್ರತಿಕಾರ ಕಣ್ಣನ್ನಷ್ಟೇ ಒದಗಿಸುತ್ತಾನೆ, ಅರ್ಥವನ್ನು ವಿದ್ವಾಂಸ ಒದಗಿಸುತ್ತಾನೆ ಎಂಬ ವಾದವನ್ನು ಅಂಬರನಾಥದ ಒಂಬತ್ತು ಸುಳ್ಳಾಗಿಸುತ್ತದೆ.

ಭಗವಾನ್‌ಲಾಲರಿಗೆ ಆಮೇಲೆ ಮನ್ನಣೆ ದೊರೆತಿದೆಯಲ್ಲ, 1882ರಲ್ಲಿ ಅವರೇ ಸೋಪಾರದ ಸ್ತೂಪವನ್ನು ಅಗೆದು ಬೌದ್ಧ ಅವಶೇಷಗಳ ಕರಂಡಕಗಳನ್ನು ಹೊರತೆಗೆದರಲ್ಲ, ಲೈಡನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಆದರೆ ಈ ಸಮಾಧಾನ ಪ್ರಶ್ನೆಯನ್ನೇ ಮರೆಮಾಚುತ್ತದೆ. ಸೋಪಾರದ ಭಗವಾನ್‌ಲಾಲರು ಸ್ವತಂತ್ರ ಸಂಶೋಧಕರು. ಕೇಳಬೇಕಾದದ್ದು ಅದಕ್ಕೂ ಹಿಂದಿನ ಹದಿಮೂರು ವರ್ಷಗಳ ಸಹಾಯಕನ ಕುರಿತು. ಅವರ ಪ್ರತಿಗಳ ಬಲದಿಂದ ನಡೆದ ಓದುಗಳಲ್ಲಿ ಎಷ್ಟು ಪಾಲು ಯಾರದೆಂದು ಬೇರ್ಪಡಿಸುವ ಕೆಲಸವನ್ನು, ಸಾಧಕರ ಪಟ್ಟಿಗೆ ಅವರ ಹೆಸರು ಸೇರಿಸಿ ಸುಮ್ಮನಾಗುವವರು ಮುಟ್ಟುವುದೇ ಇಲ್ಲ. 1868ರಲ್ಲಿ ಜೆ.ಜೆ. ಕಲಾಶಾಲೆಯಿಂದ ಅಂಬರನಾಥಕ್ಕೆ ಹೋಗಿ ಶಿಲ್ಪಗಳ ಅಚ್ಚು ಎತ್ತಿ, ನಕ್ಷೆ ಬರೆದ ವಿದ್ಯಾರ್ಥಿಗಳ ವಿಷಯದಲ್ಲಂತೂ ಈ ಸಮಾಧಾನಕ್ಕೂ ಎಡೆಯಿಲ್ಲ; ಚರಿತ್ರೆ ನೆನೆಯುವುದು ಅವರನ್ನು ಕರೆದೊಯ್ದ ಟೆರಿ ಎಂಬ ಅಧ್ಯಾಪಕನನ್ನು ಮಾತ್ರ.

ಭಾಯಖಳಾದ ಕಟ್ಟಡಕ್ಕೆ ಇನ್ನೊಂದು ಹೆಸರಿಡಬೇಕೆಂಬುದು ಇಲ್ಲಿನ ಬೇಡಿಕೆಯಲ್ಲ. ಶಾಸನ, ತಾಮ್ರಪಟ, ಶಿಲ್ಪಗಳನ್ನು ಕಾಯುವ ಯಾವ ಸಂಗ್ರಹಾಲಯವೇ ಆಗಲಿ, ತನ್ನ ನೋಂದಣಿ ಪುಸ್ತಕದಲ್ಲಿ ದಾನಿಯ ಹೆಸರಿನ ಪಕ್ಕದಲ್ಲಿ ಪಡಿಯಚ್ಚು ತೆಗೆದವರು ಯಾರು, ಮೊದಲ ಓದು ಯಾರದು, ಅದನ್ನು ತಿದ್ದಿದವರು ಯಾರು, ಯಾವ ವರ್ಷ ಎಂಬ ನಾಲ್ಕು ಅಂಕಣಗಳನ್ನು ತೆರೆಯಬೇಕು. ಆ ನಾಲ್ಕು ವಿವರಗಳೂ ವಿವರಫಲಕದ ಮೇಲೆ ಬರಬೇಕು.